ಹೆಣೆಯುವ ಕೈಗೆ ಏನು ಕೊಡೋಣ?



ಕಳೆದ ಆಗಮನ ಕಾಲದ ಒಂದು ಭಾನುವಾರ ಬಲಿಪೂಜೆ ಮುಗಿಸಿ ದೇವಾಲಯದ ಮೆಟ್ಟಿಲ ಬಳಿ ನಿಂತಿದ್ದೆ. ಯುವಕನೊಬ್ಬ ಹತ್ತಿರ ಬಂದು, "ಫಾದರ್, ನಮ್ಮ ಅವ್ವಗ ಉಲ್ಲನ್ ಹೆಣಿಯೂದಂದ್ರ ಭಾಳ ಜೀವರಿ. ಈ ಹಬ್ಬಕ್ಕ ಆಕಿಗೆ ಏನಾರ ಚೊಲೋದು ಕೊಡಬೇಕಂತ ಮಾಡೇನಿ. ಏನ್ ಕೊಡ್ಲಿ?" ಎಂದು ಕೇಳಿದ. "ಉಲ್ಲನ್ ತಂದುಕೊಡಪ್ಪ" ಎಂದು ಹೇಳಿ ಕಳುಹಿಸಬಹುದಾಗಿತ್ತು. ಆದರೆ ನಾಲಿಗೆ ತಡೆಯಿತು. ಏಕೆಂದರೆ ಅದೇ ಕೆಲಸವನ್ನು ನಾನೇ ಒಮ್ಮೆ ಮಾಡಿ ಪೆಚ್ಚಾಗಿದ್ದೆ.

ನಾನು ಹೊಸದಾಗಿ ಗುರುವಾಗಿದ್ದಾಗಿನ ಮಾತು. ನಮ್ಮ ಕಾನ್ವೆಂಟಿನಲ್ಲಿ ವಯಸ್ಸಾದ ಸಿಸ್ಟರ್ ಒಬ್ಬರಿದ್ದರು. ಊರಿನಲ್ಲಿ ಯಾರಿಗೆ ಮಗು ಹುಟ್ಟಿದರೂ, ಅದು ಯಾವ ಮತದವರ ಮಗುವಾದರೂ, ಅವರ ಕೈಯಿಂದ ಒಂದು ಟೊಪ್ಪಿಗೆ, ಒಂದು ಜೊತೆ ಕಾಲುಚೀಲ ಸಿದ್ಧವಾಗುತ್ತಿತ್ತು. ಅವರ ವ್ರತವಚನದ ಸುವರ್ಣೋತ್ಸವ ಬಂದಾಗ ನಾನು ಪೇಟೆಯಿಂದ ಆಕಾಶನೀಲಿ ಬಣ್ಣದ ಉಲ್ಲನ್ ತಂದೆ. ಒಂದು ಅಂಗಡಿಯಲ್ಲಿ ಸಾಕಷ್ಟು ಸಿಗದಿದ್ದಾಗ ಉಳಿದದ್ದನ್ನು ಇನ್ನೊಂದು ಅಂಗಡಿಯಲ್ಲಿ ಕೊಂಡೆ. ಎರಡೂ ಒಂದೇ ಕಂಪನಿಯದು, ನನ್ನ ಕಣ್ಣಿಗೆ ಒಂದೇ ಬಣ್ಣ. ಸಿಸ್ಟರ್ ಸಂತೋಷದಿಂದ ತೆಗೆದುಕೊಂಡರು. ತಿಂಗಳಾದ ಮೇಲೆ ಅರ್ಧ ಹೆಣೆದ ಸ್ವೆಟರನ್ನು ಅಂಗಳದ ಬಿಸಿಲಿನಲ್ಲಿ ಬಿಡಿಸಿ ತೋರಿಸಿದರು. ಎದೆಯ ಮಟ್ಟದಲ್ಲಿ ಗೆರೆ ಎಳೆದಂತೆ ಬಣ್ಣ ಬದಲಾಗಿತ್ತು! "ಅಂಗಡಿಯ ದೀಪದಲ್ಲಿ ಎಲ್ಲವೂ ಒಂದೇ ಬಣ್ಣ ಫಾದರ್, ಬಿಸಿಲಿಗೆ ಬಂದ ಮೇಲೆ ನಿಜ ಹೇಳುತ್ತವೆ" ಎಂದು ನಕ್ಕರು. ನಗು ನಿಜವಾದದ್ದೇ. ಆದರೆ ಇಪ್ಪತ್ತು ದಿನಗಳ ಕೆಲಸವನ್ನು ಬಿಚ್ಚಿದವರು ಅವರು, ನಾನಲ್ಲ.

ನೂಲಿಗೆ ಬಣ್ಣ ಹಾಕುವುದು ಒಂದೊಂದು ಹಂಡೆಯ ಲೆಕ್ಕದಲ್ಲಿ. ಒಂದು ಹಂಡೆಯ ಬಣ್ಣ ಇನ್ನೊಂದಕ್ಕೆ ಕೂದಲೆಳೆಯಷ್ಟು ಬೇರೆಯಾಗಿರುತ್ತದೆ. ಅದಕ್ಕಾಗಿಯೇ ಉಂಡೆಯ ಸುತ್ತಿನ ಚೀಟಿಯ ಮೇಲೆ ಬಣ್ಣದ ಸಂಖ್ಯೆಯ ಜೊತೆಗೆ ಲಾಟ್ ಸಂಖ್ಯೆ ಎಂದು ಇನ್ನೊಂದನ್ನು ಮುದ್ರಿಸಿರುತ್ತಾರೆ. ಎರಡೂ ಒಂದೇ ಇರುವ ಉಂಡೆಗಳನ್ನು, ಬೇಕಾದದ್ದಕ್ಕಿಂತ ಒಂದು ಹೆಚ್ಚಾಗಿಯೇ, ಒಮ್ಮೆಗೇ ಕೊಳ್ಳಬೇಕು. ದೊಡ್ಡವರ ತುಂಬುತೋಳಿನ ಸ್ವೆಟರಿಗೆ ಸುಮಾರು 400ರಿಂದ 600 ಗ್ರಾಂ ನೂಲು ಹಿಡಿಯುತ್ತದೆ; ಎಳೆಗೂಸಿನದಕ್ಕೆ 100ರಿಂದ 150 ಗ್ರಾಂ ಸಾಕು. ಕೂಸಿಗಾದರೆ ಮೃದುವಾದ, ಪದೇಪದೇ ಒಗೆದರೂ ಕುಗ್ಗದ ನೂಲು ಬೇಕು. ಕಡ್ಡಿ ಕೊಳ್ಳುವುದಾದರೆ ಇನ್ನೊಂದು ತೊಡಕಿದೆ. ನಮ್ಮ ಅಂಗಡಿಗಳಲ್ಲಿ ಇಂದಿಗೂ ಹಳೆಯ ಬ್ರಿಟಿಷ್ ಸಂಖ್ಯೆ ಬಳಕೆಯಲ್ಲಿದೆ. ಅದರಲ್ಲಿ ಸಂಖ್ಯೆ ಹೆಚ್ಚಿದಂತೆ ಕಡ್ಡಿ ಸಣ್ಣದಾಗುತ್ತದೆ. 8ನೇ ನಂಬರಿನ ಕಡ್ಡಿ 4 ಮಿಲಿಮೀಟರ್ ದಪ್ಪವಾದರೆ 10ನೇ ನಂಬರಿನದು 3.25 ಮಾತ್ರ. ದೊಡ್ಡ ನಂಬರು ದೊಡ್ಡ ಕಡ್ಡಿ ಎಂದುಕೊಂಡು ಹೋದವರು ಮೋಸ ಹೋಗುತ್ತಾರೆ.

ಇಷ್ಟೆಲ್ಲ ಕಲಿತು ಗುಟ್ಟಾಗಿ ತರುವುದಕ್ಕಿಂತ ಅವರನ್ನೇ ಅಂಗಡಿಗೆ ಕರೆದುಕೊಂಡು ಹೋಗುವುದು ಮೇಲು. ಆ ಯುವಕನಿಗೂ ನಾನು ಅದನ್ನೇ ಹೇಳಿದೆ: "ನಿಮ್ಮವ್ವನನ್ನು ಹುಬ್ಬಳ್ಳಿಗೆ ಕರೆದುಕೊಂಡು ಹೋಗು. ಆಕೆ ಪ್ರತಿಯೊಂದು ಉಂಡೆಯನ್ನೂ ಕೆನ್ನೆಗೆ ಒತ್ತಿ ನೋಡುವತನಕ ಗಡಿಯಾರ ನೋಡಬೇಡ. ಹಣ ಮಾತ್ರ ನೀನು ಕೊಡು." ಮನೆಯಲ್ಲಿ ಎಲ್ಲರ ಹಿಂದೆ ಓಡಾಡುವ ಹೆಂಗಸಿಗೆ, ತನಗಾಗಿ ಒಬ್ಬರು ಒಂದು ತಾಸು ಕಾಯ್ದರು ಎಂಬುದೂ ಉಡುಗೊರೆಯೇ ಅಲ್ಲವೇ?

ಇಲ್ಲೊಂದು ಎಚ್ಚರಿಕೆ ಬೇಕು. ಉಲ್ಲನ್ ಕೊಡುತ್ತಲೇ "ನನಗೊಂದು ಸ್ವೆಟರ್, ಮಗನಿಗೊಂದು" ಎಂದು ಸೇರಿಸುವವರು ನಮ್ಮಲ್ಲಿ ಬಹಳ ಮಂದಿ. ಸೆಮಿನರಿಯಲ್ಲಿ ನಮಗೆ ಪಾಠವಾಗಿದ್ದ ಸಂತ ಥಾಮಸ್ ಅಕ್ವಿನಾಸರು ಪವಿತ್ರಾತ್ಮರನ್ನು ವರದಾನವೆಂದು ಏಕೆ ಕರೆಯುತ್ತೇವೆ ಎಂದು ವಿವರಿಸುವಾಗ ಅರಿಸ್ಟಾಟಲನ ಒಂದು ವಿಚಾರವನ್ನು ಎತ್ತಿಕೊಳ್ಳುತ್ತಾರೆ. ಮರಳಿ ಪಡೆಯುವ ಉದ್ದೇಶವಿಲ್ಲದೆ ಕೊಟ್ಟದ್ದು ಮಾತ್ರ ಉಡುಗೊರೆ, ಹಾಗೆ ಕೊಡುವಾಗ ನಾವು ಮೊದಲು ಕೊಡುವುದು ಪ್ರೀತಿಯನ್ನೇ ಎಂಬುದು ಅವರ ವಾದದ ತಿರುಳು. ಆ ಅಳತೆಯಲ್ಲಿ ನೋಡಿದರೆ, ಹೆಣೆದುಕೊಡಬೇಕೆಂಬ ಷರತ್ತಿನ ಉಲ್ಲನ್ ಉಡುಗೊರೆಯಾಗುವುದಿಲ್ಲ. ಅದು ಕೂಲಿ ಕೊಡದೆ ಹೇರಿದ ಕೆಲಸ. ಆಕೆ ಆ ನೂಲಿನಿಂದ ನೆರೆಮನೆಯ ಕೂಸಿಗೆ ಹೆಣೆದರೂ, ಎರಡು ವರ್ಷ ಪೆಟ್ಟಿಗೆಯಲ್ಲೇ ಇಟ್ಟರೂ ನಿಮಗೆ ಬೇಸರವಾಗಬಾರದು.

ನಮ್ಮ ಹಳ್ಳಿಗಳಲ್ಲಿ ಉಲ್ಲನ್ ಕಡ್ಡಿಗಿಂತ ಕೌದಿಯ ಸೂಜಿ ಹಿಡಿದ ಕೈಗಳೇ ಹೆಚ್ಚು. ಕಲಘಟಗಿ, ಕುಂದಗೋಳ, ನವಲಗುಂದ, ಅಣ್ಣಿಗೇರಿ, ಯಾವ ಕಡೆಯ ಹಳ್ಳಿಗೆ ಹೋದರೂ ಬೇಸಿಗೆಯ ಮಧ್ಯಾಹ್ನ ಪಡಸಾಲೆಯಲ್ಲಿ ಹಳೆಯ ಸೀರೆ, ಧೋತರ ಹರವಿಕೊಂಡು ಕುಳಿತ ಅಜ್ಜಿಯರನ್ನು ಕಾಣಬಹುದು. ಕಲಘಟಗಿ ದಾಟಿ ಹಳಿಯಾಳ, ಯಲ್ಲಾಪುರದ ಕಾಡಿನ ಕಡೆ ಹೋದರೆ ಸಿದ್ದಿ ತಾಯಂದಿರ ಕೌದಿಗಳಿವೆ. ಶತಮಾನಗಳ ಹಿಂದೆ ಆಫ್ರಿಕಾದಿಂದ ಬಂದವರ ಸಂತತಿ ಅವರು. ಅವರಲ್ಲಿ ಕಥೋಲಿಕರೂ ಇದ್ದಾರೆ, ಮುಸ್ಲಿಮರೂ ಹಿಂದೂಗಳೂ ಇದ್ದಾರೆ. ಅವರು ಹೊರ ಅಂಚಿನಿಂದ ಹೊಲಿಯಲು ಆರಂಭಿಸಿ ಸುತ್ತುತ್ತಾ ಸುತ್ತುತ್ತಾ ನಡುವಿಗೆ ಬಂದು ಮುಗಿಸುತ್ತಾರೆ. ನಾಲ್ಕು ಮೂಲೆಗೆ ಬಟ್ಟೆಯನ್ನು ಮುಕ್ಕೋನವಾಗಿ ಮಡಿಸಿ ಹೊಲಿಯುವ ತುಂಡಿಗೆ ಹೂವು ಎಂದು ಹೆಸರು; ಅದಿಲ್ಲದ ಕೌದಿ ಅವರ ಲೆಕ್ಕದಲ್ಲಿ ಪೂರ್ಣವಲ್ಲ. ಕಥೋಲಿಕ ತಾಯಂದಿರ ಕೆಲವು ಕೌದಿಗಳಲ್ಲಿ ಶಿಲುಬೆಯೂ ಕಾಣುತ್ತದೆ. ಅಮೆರಿಕದ ಕಲಾ ಇತಿಹಾಸಕಾರ ಹೆನ್ರಿ ಡ್ರೂವಲ್ ಅವರು ಈ ಕೌದಿಗಳನ್ನು ಅಧ್ಯಯನ ಮಾಡಿ ಹೊರನಾಡಿಗೆ ಪರಿಚಯಿಸಿದರು. 2004ರಲ್ಲಿ ಸಿದ್ದಿ ಮಹಿಳೆಯರ ಕೌದಿ ಸಹಕಾರಿ ಸಂಘವೂ ಹುಟ್ಟಿತು. ಮನೆಯವರು ಹೊದ್ದು ಹರಿದು ಎಸೆಯುತ್ತಿದ್ದ ವಸ್ತುವಿಗೆ ಹೊರಗಿನವರು ಬಂದು ಬೆಲೆ ಹೇಳಬೇಕಾಯಿತು!

ನವಲಗುಂದದ ಜಮಖಾನೆಯದೂ ಇಂಥದೇ ಸ್ಥಿತಿ. ಅದನ್ನು ನೇಯುವವರು ಅಲ್ಲಿನ ಮುಸ್ಲಿಂ ಮನೆತನಗಳ ಹೆಂಗಸರು. ನೆಟ್ಟಗೆ ನಿಲ್ಲಿಸಿದ ಮಗ್ಗದ ಮುಂದೆ ಕುಳಿತು ಹತ್ತಿಯ ನೂಲಿನಲ್ಲಿ ನವಿಲು, ಪಗಡೆಯ ಹಾಸು ಮೂಡಿಸುತ್ತಾರೆ. ಭೌಗೋಳಿಕ ಸೂಚಿಯ ಮನ್ನಣೆ ಬಂದಿದೆ; ನೇಯುವ ಕೈಗಳು ಮಾತ್ರ ಕಡಿಮೆಯಾಗುತ್ತಾ ಬಂದಿವೆ. ಇಂಥವರಿಗೆ ನಾವು ಕೊಡಬಹುದಾದದ್ದು ಚೌಕಾಸಿಯಿಲ್ಲದ ಬೆಲೆ. ಕೌದಿ ಹೊಲಿಯುವವರಿಗಾದರೆ ಒಗೆದು ಒಣಗಿಸಿದ ಹತ್ತಿಯ ಹಳೆಯ ಸೀರೆಗಳ ಗಂಟು ಕೊಡಿ, ಅದು ಹೊಸ ಸೀರೆಗಿಂತ ಹೆಚ್ಚು. ಸೂಜಿ ಜಾರುವ ಸಿಂಥೆಟಿಕ್ ಬಟ್ಟೆಯನ್ನು ಮಾತ್ರ ಆ ಗಂಟಿಗೆ ಸೇರಿಸಬೇಡಿ.

ಈಗ ಕುಂದಗೋಳ ಕಡೆಯ ಒಂದು ಮನೆಯ ವಿಷಯ ಹೇಳುತ್ತೇನೆ. ಆ ಮನೆಯ ಅಜ್ಜಿ ಮೊಮ್ಮಕ್ಕಳೆಲ್ಲರಿಗೂ ಒಂದೊಂದು ಕೌದಿ ಹೊಲಿದುಕೊಟ್ಟವರು. ಕಡೆಯ ಮೊಮ್ಮಗನದು ಅರ್ಧವಾಗಿತ್ತು. ಬೆಂಗಳೂರಿನಲ್ಲಿ ಕೆಲಸ ಮಾಡುವ ಮಗ ಹಬ್ಬಕ್ಕೆ ಬರುವಾಗ ಮೆತ್ತನೆಯ, ಹೂವಿನ ಚಿತ್ರದ, ಬೆಲೆಬಾಳುವ ಎರಡು ರಗ್ಗು ತಂದ. ತಾಯಿ ಚಳಿಯಲ್ಲಿ ನಡುಗಬಾರದು, ಕಣ್ಣಿಗೆ ಆಯಾಸ ಮಾಡಿಕೊಳ್ಳಬಾರದು ಎಂಬುದೇ ಅವನ ಮನಸ್ಸಿನಲ್ಲಿದ್ದದ್ದು. ಮಂಚದ ಮೇಲಿನ ಕೌದಿಗಳನ್ನು ಮಡಿಸಿ ಅಟ್ಟಕ್ಕೆ ಹಾಕಿದರು. ಮನೆ ಆಶೀರ್ವದಿಸಲು ನಾನು ಹೋದಾಗ ಅಜ್ಜಿಯ ಕೈ ಖಾಲಿಯಿತ್ತು. ಕೇಳಿದರೆ, "ರಗ್ಗ ಬಂದೈತೆಲ್ರಿ ಫಾದರ್, ಇನ್ನ ನನ್ನ ಕೌದಿ ಯಾರಿಗೆ ಬೇಕ್ರಿ?" ಎಂದರು. ಸಿಟ್ಟಿನಿಂದ ಹೇಳಿದ್ದಲ್ಲ. ಸಿಟ್ಟಿದ್ದರೆ ಸಮಾಧಾನ ಹೇಳುವುದು ಸುಲಭವಾಗುತ್ತಿತ್ತು.

ದಾರಿಯುದ್ದಕ್ಕೂ ನನಗೆ ಜೊಪ್ಪ ಪಟ್ಟಣದ ತಬಿಥಾಳ ನೆನಪು. ಪ್ರೇಷಿತರ ಕಾರ್ಯಕಲಾಪಗಳ 9ನೇ ಅಧ್ಯಾಯದಲ್ಲಿ ಆಕೆ ಬರುತ್ತಾಳೆ. ದೋರ್ಕ ಎಂಬುದು ಆಕೆಯ ಇನ್ನೊಂದು ಹೆಸರು. ಪ್ರಬೋಧನೆ ಮಾಡುವಾಗ ನಾವು ಗುರುಗಳು ಪೇತ್ರನು ಆಕೆಯನ್ನು ಎಬ್ಬಿಸಿದ ಅದ್ಭುತಕ್ಕೆ ಅವಸರದಿಂದ ಓಡುತ್ತೇವೆ. ಅದಕ್ಕಿಂತ ಮುಂಚೆ ಮೇಲಂತಸ್ತಿನ ಕೋಣೆಯಲ್ಲಿ ನಿಂತು ಅಳುತ್ತಿದ್ದ ವಿಧವೆಯರು ಏನು ಮಾಡಿದರು? ಆಕೆ ಬದುಕಿದ್ದಾಗ ಹೊಲಿದುಕೊಟ್ಟ ಅಂಗಿಗಳನ್ನೂ ಮೇಲುಹೊದಿಕೆಗಳನ್ನೂ ಪೇತ್ರನಿಗೆ ತೋರಿಸಿದರು. ತೋರಿಸಬೇಕಾದರೆ ಅವರ ಬಳಿ ಅವು ಇರಬೇಕಲ್ಲ! ಅವರು ಅವನ್ನು ಅಟ್ಟಕ್ಕೆ ಹಾಕಿರಲಿಲ್ಲ. ಬಹುಶಃ ಮೈಮೇಲೆ ಧರಿಸಿಯೇ ಬಂದಿದ್ದರೆಂದು ನನ್ನ ಊಹೆ. ಕೈಕೆಲಸ ಮಾಡುವವರಿಗೆ ಅವರ ಕೆಲಸ ಬಳಕೆಯಲ್ಲಿರುವುದನ್ನು ಕಾಣುವುದಕ್ಕಿಂತ ದೊಡ್ಡ ಉಡುಗೊರೆ ನನಗಂತೂ ತೋಚುವುದಿಲ್ಲ. ಮಗನಿಗೆ ಫೋನಿನಲ್ಲಿ ನಾನು ಹೇಳಿದ್ದು ಇಷ್ಟೇ: "ರಗ್ಗು ಇರಲಿ ತಮ್ಮಾ, ಅಟ್ಟದ ಮೇಲಿನದನ್ನು ಕೆಳಗಿಳಿಸು."

ಅವನು ಕೇಳಿದ. ಆದರೆ ಅಷ್ಟರಿಂದ ಅಜ್ಜಿ ಸೂಜಿ ಹಿಡಿಯಲಿಲ್ಲ. ನಿಜವಾದ ತೊಂದರೆಯನ್ನು ಪತ್ತೆಹಚ್ಚಿದವರು ಸೊಸೆ. ಅಜ್ಜಿಗೆ ಸೂಜಿಯ ಕಣ್ಣೇ ಕಾಣುತ್ತಿರಲಿಲ್ಲ, ಹೇಳಿಕೊಳ್ಳಲು ನಾಚಿಕೆ. ನಲವತ್ತು ದಾಟಿದ ಮೇಲೆ ಹತ್ತಿರದ ದೃಷ್ಟಿ ಮಂದವಾಗುವುದು ಎಲ್ಲರಿಗೂ ಸಹಜ, ಅದಕ್ಕೆ ಓದುವ ಕನ್ನಡಕ ಸಾಕು. ಈ ಅಜ್ಜಿಗಾದರೋ ಎರಡೂ ಕಣ್ಣಿಗೆ ಪೊರೆ ಬಂದಿತ್ತು. ಪೊರೆಯ ಶಸ್ತ್ರಚಿಕಿತ್ಸೆ ಸರ್ಕಾರಿ ಆಸ್ಪತ್ರೆಗಳಲ್ಲಿ ಉಚಿತವಾಗಿ ನಡೆಯುತ್ತದೆ. ಕರೆದುಕೊಂಡು ಹೋಗಿ ಬರುವವರು ಬೇಕು, ಅಷ್ಟೇ. ಸೊಸೆ ಕೂಲಿ ಬಿಟ್ಟು ಓಡಾಡಿ ಮೊದಲ ಕಣ್ಣಿನದನ್ನು ಮಾಡಿಸಿದರು. ನಿಮ್ಮ ಮನೆಯಲ್ಲಿ ಹೆಣೆಯುವ, ಹೊಲಿಯುವ ಹಿರಿಯರು ಇದ್ದಕ್ಕಿದ್ದಂತೆ "ಮನಸ್ಸಿಲ್ಲ" ಎಂದು ಕೆಲಸ ಬಿಟ್ಟಿದ್ದರೆ ಮೊದಲು ಕಣ್ಣು ತೋರಿಸಿರಿ. ಹೆಗಲ ಹಿಂದಿನಿಂದ ಬೆಳಕು ಬೀಳುವಂತೆ ಒಂದು ಎಲ್‌ಇಡಿ ದೀಪ ಹಾಕಿಸಿರಿ. ಕಪ್ಪು ಬಟ್ಟೆ ಹೊಲಿಯುವಾಗ ತೊಡೆಯ ಮೇಲೆ ಬಿಳಿ ವಸ್ತ್ರ ಹಾಸಿಕೊಂಡರೂ ಕಣ್ಣಿಗೆ ಎಷ್ಟೋ ಹಗುರ.

ಎರಡನೆಯ ಕಣ್ಣಿಗೆ ಇನ್ನೂ ತಿಂಗಳುಗಳಿದ್ದವು. ಅಷ್ಟರವರೆಗೆ ಸೊಸೆ ಒಂದು ಉಪಾಯ ಮಾಡಿಕೊಂಡಿದ್ದರು. ಬೆಳಿಗ್ಗೆ ಹೊಲಕ್ಕೆ ಹೊರಡುವ ಮುಂಚೆ ಹನ್ನೆರಡು ಸೂಜಿಗೆ ದಾರ ಪೋಣಿಸಿ, ಒಂದು ಸಣ್ಣ ದಿಂಬಿಗೆ ಚುಚ್ಚಿ, "ಅತ್ತೀ, ಹನ್ನೆರಡ ಅದಾವ ನೋಡ್ರಿ, ಸಂಜೀಮಟ ಆಗ್ತಾವ್ರಿ" ಎಂದು ಕೈಗಿಟ್ಟು ಹೋಗುತ್ತಿದ್ದರು. ಒಂದು ಮಧ್ಯಾಹ್ನ ಆ ದಾರಿಯಲ್ಲಿ ಹೋಗುವಾಗ ಒಳಗೆ ಇಣುಕಿದೆ. ಅಜ್ಜಿ ಬಾಗಿಲ ಬೆಳಕಿಗೆ ಕುಳಿತಿದ್ದರು, ಮೊಮ್ಮಗನ ಕೌದಿ ಮೊಣಕಾಲ ಮೇಲಿತ್ತು. ದಿಂಬಿನಲ್ಲಿ ಇನ್ನೂ ನಾಲ್ಕು ಸೂಜಿ ಉಳಿದಿದ್ದವು.