ಸಾಕುನಾಯಿಗೆ ಹುಚ್ಚುರೋಗದ ಲಸಿಕೆ: ರೈತರು ತಿಳಿಯಬೇಕಾದ ವಿಷಯಗಳು

ನಾಯಿ ನಮ್ಮ ಬೇಸಾಯದ ಬಹು ಹಳೆಯ ಜೊತೆಗಾರ. ಶೇಂಗಾ, ಮುಸುಕಿನ ಜೋಳದ ಹೊಲಕ್ಕೆ ಹಂದಿ ನುಗ್ಗದಂತೆ, ಕಣದ ರಾಶಿಗೆ ಕಳ್ಳರು ಬಾರದಂತೆ, ಕುರಿಹಟ್ಟಿಗೆ ತೋಳ ಬೀಳದಂತೆ ಕಾಯುವುದು ಅದೇ. ಆದರೆ ಎತ್ತಿಗೆ ಗಂಟಲುಬೇನೆ ಲಸಿಕೆಯನ್ನೂ, ಕುರಿಗೆ ಕರುಳುಬೇನೆ ಲಸಿಕೆಯನ್ನೂ ತಪ್ಪದೆ ಹಾಕಿಸುವ ರೈತರಲ್ಲಿ ಅನೇಕರು ಬಾಗಿಲಲ್ಲಿ ಮಲಗುವ ನಾಯಿಯನ್ನು ಮರೆತುಬಿಡುತ್ತಾರೆ. ಈ ಮರೆವಿನ ಬೆಲೆ ದೊಡ್ಡದು. ಹುಚ್ಚುರೋಗದಿಂದ (ರೇಬೀಸ್) ಪ್ರಪಂಚದಲ್ಲಿ ವರ್ಷಕ್ಕೆ ಸುಮಾರು 59,000 ಜನರು ಸಾಯುತ್ತಾರೆಂದು ಅಂದಾಜು. ಅವರಲ್ಲಿ ನೂರಕ್ಕೆ ಸುಮಾರು 40 ಮಂದಿ 15 ವರ್ಷದೊಳಗಿನ ಮಕ್ಕಳು.

ರೋಗ ಹರಡುವ ಬಗೆ

ಈ ರೋಗಕ್ಕೆ ಒಂದು ಬಗೆಯ ವೈರಸ್ ಕಾರಣ. ರೋಗ ತಗಲಿದ ನಾಯಿಯ ಜೊಲ್ಲಿನಲ್ಲಿ ಅದು ಇರುತ್ತದೆ. ಕಚ್ಚಿದಾಗ, ಪರಚಿದಾಗ ಅಥವಾ ಗಾಯವಿರುವ ಚರ್ಮವನ್ನು ನೆಕ್ಕಿದಾಗ ದೇಹವನ್ನು ಸೇರಿ, ನರಗಳ ಮೂಲಕ ಮೆದುಳಿಗೆ ಏರುತ್ತದೆ. ಮನುಷ್ಯರಲ್ಲಿ ಸಾಮಾನ್ಯವಾಗಿ ಒಂದರಿಂದ ಮೂರು ತಿಂಗಳಲ್ಲಿ ರೋಗ ಕಾಣಿಸಿಕೊಳ್ಳುತ್ತದೆ. ಒಮ್ಮೆ ಲಕ್ಷಣಗಳು ತೋರಿದ ಮೇಲೆ ಸಾವು ಖಚಿತವೆಂದೇ ಹೇಳಬೇಕು. ಆದ್ದರಿಂದ ರೋಗ ಬಾರದಂತೆ ತಡೆಯುವುದೊಂದೇ ದಾರಿ.

ಹುಚ್ಚುನಾಯಿ ಎಂದರೆ ಜೊಲ್ಲು ಸುರಿಸುತ್ತ ಓಡಾಡಿ ಕಚ್ಚುವ ನಾಯಿ ಎಂದೇ ಜನರ ಭಾವನೆ. ಇದು ರೋಗದ ಉಗ್ರ ರೂಪ ಮಾತ್ರ. ಮೂಕ ರೂಪದಲ್ಲಿ ನಾಯಿ ಕತ್ತಲ ಮೂಲೆ ಸೇರುತ್ತದೆ, ದವಡೆ ಜೋತುಬೀಳುತ್ತದೆ, ನೀರು ನುಂಗಲಾಗದು, ಬೊಗಳುವ ದನಿ ಬದಲಾಗುತ್ತದೆ. ಇನ್ನೂ ಮುಖ್ಯವಾದ ಮಾತೆಂದರೆ, ಲಕ್ಷಣಗಳು ತೋರುವುದಕ್ಕೆ ಕೆಲವು ದಿನ ಮೊದಲೇ ಜೊಲ್ಲಿನಲ್ಲಿ ವೈರಸ್ ಇರಬಹುದು. ನೋಡಲು ಆರೋಗ್ಯವಾಗಿರುವ ನಾಯಿಯ ಕಡಿತವನ್ನೂ ಈ ಕಾರಣದಿಂದ ಅಲಕ್ಷಿಸಬಾರದು.

ಉದ್ಯಾನದ ನಿಯಮ, ಊರಿನ ನಿಯಮ

ಹಲವು ದೇಶಗಳ ನಗರಗಳಲ್ಲಿ ನಾಯಿಗಳನ್ನು ಬಿಟ್ಟು ಆಡಿಸಲು ಬೇಲಿ ಹಾಕಿದ ಉದ್ಯಾನಗಳಿವೆ. ಹೈದರಾಬಾದಿನ ಕೊಂಡಾಪುರದಲ್ಲಿಯೂ ನಗರಪಾಲಿಕೆಯು 2018ರಲ್ಲಿ ಇಂಥದೊಂದನ್ನು ತೆರೆಯಿತು. ಇಂಥ ಉದ್ಯಾನಗಳಲ್ಲಿ ಸಾಮಾನ್ಯವಾಗಿ ಇರುವ ನಿಯಮಗಳು ಇವು: ಲಸಿಕೆ ಹಾಕಿಸಿದ ನಾಯಿಗೆ ಮಾತ್ರ ಪ್ರವೇಶ, ಬಾಗಿಲು ದಾಟುವವರೆಗೆ ಕೊರಳಪಟ್ಟಿ, ಸರಪಳಿ ಕಡ್ಡಾಯ, ಬೆದೆಗೆ ಬಂದ ಹೆಣ್ಣುನಾಯಿಗೂ ಎಳೆಯ ಮರಿಗೂ ಪ್ರವೇಶವಿಲ್ಲ, ನಾಯಿಯ ಹೇಲನ್ನು ಒಡೆಯನೇ ತೆಗೆಯತಕ್ಕದ್ದು.

ಹತ್ತಾರು ನಾಯಿಗಳು ಒಂದೆಡೆ ಬೆರೆಯುವಾಗ ಒಂದರ ರೋಗ ಎಲ್ಲಕ್ಕೂ ಅಂಟಬಹುದೆಂಬುದೇ ಈ ನಿಯಮಗಳ ಹಿಂದಿನ ತಿಳಿವಳಿಕೆ. ಹಾಗೆ ನೋಡಿದರೆ ನಮ್ಮ ಊರಿನ ಗೋಮಾಳ, ಕೆರೆ ಏರಿ, ಸಂತೆಮಾಳಗಳಲ್ಲಿ ದಿನವೂ ನಡೆಯುವುದು ಇದೇ ಬೆರೆಯುವಿಕೆ. ಅಲ್ಲಿ ಬೇಲಿಯಿಲ್ಲ, ಬಾಗಿಲಲ್ಲಿ ಚೀಟಿ ಕೇಳುವವನೂ ಇಲ್ಲ. ಆದ್ದರಿಂದ ಆ ನಿಯಮಗಳನ್ನು ಪ್ರತಿಯೊಬ್ಬ ಒಡೆಯನೂ ತಾನಾಗಿಯೇ ಪಾಲಿಸಬೇಕಾಗುತ್ತದೆ.

ಕಾನೂನು ಸಹ ಇದನ್ನೇ ಹೇಳುತ್ತದೆ. 2023ರ ಪ್ರಾಣಿ ಸಂತಾನ ನಿಯಂತ್ರಣ ನಿಯಮಗಳಂತೆ ಸಾಕುಪ್ರಾಣಿಗೆ ಲಸಿಕೆ ಮತ್ತು ಜಂತುನಾಶಕ ಕೊಡಿಸುವ ಹೊಣೆ ಒಡೆಯನದು. ಬೀದಿನಾಯಿಗಳ ಸಂತಾನಹರಣ ಮತ್ತು ಲಸಿಕೆಯ ಹೊಣೆ ಸ್ಥಳೀಯ ಸಂಸ್ಥೆಯದು. ತನ್ನ ಪ್ರಾಣಿಯಿಂದ ಇತರರ ಜೀವಕ್ಕೆ ಅಪಾಯವಾಗದಂತೆ ನೋಡಿಕೊಳ್ಳದ ಒಡೆಯನಿಗೆ, 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆಯ 291ನೇ ಕಲಮಿನ ಪ್ರಕಾರ 6 ತಿಂಗಳವರೆಗೆ ಸಜೆ ಅಥವಾ 5,000 ರೂ. ವರೆಗೆ ದಂಡ ಅಥವಾ ಎರಡೂ ಆಗಬಹುದು.

ಹತ್ತರಲ್ಲಿ ಏಳು

ಒಬ್ಬ ರೈತ ತನ್ನ ಹೊಲದ ಕಳೆಯನ್ನು ಕಿತ್ತು, ಪಕ್ಕದವನು ಕಳೆಯನ್ನು ಬೀಜಕ್ಕೆ ಬಿಟ್ಟರೆ ಏನಾಗುವುದೆಂದು ನಿಮಗೆ ಹೇಳಬೇಕಾಗಿಲ್ಲ. ಲಸಿಕೆಯ ಮಾತೂ ಹಾಗೆಯೇ. ಒಂದು ಪ್ರದೇಶದ ನಾಯಿಗಳಲ್ಲಿ ನೂರಕ್ಕೆ 70ರಷ್ಟಕ್ಕೆ ಲಸಿಕೆಯಾದರೆ ರೋಗದ ಸರಪಳಿ ಕಡಿಯುತ್ತದೆ. ಊರಿನಲ್ಲಿ 60 ನಾಯಿಗಳಿವೆಯೆನ್ನೋಣ. ಕನಿಷ್ಠ 42ಕ್ಕೆ ಲಸಿಕೆ ಆಗಬೇಕು. ಈ ಲೆಕ್ಕದಲ್ಲಿ ಬೀದಿನಾಯಿಗಳೂ ಸೇರಿವೆ. ವರ್ಷ ಕಳೆಯುವಷ್ಟರಲ್ಲಿ ಕೆಲವು ನಾಯಿ ಸತ್ತು, ಹೊಸ ಮರಿಗಳು ಹುಟ್ಟಿ, ಹಾಕಿಸಿದವುಗಳ ಪ್ರಮಾಣ ಕುಸಿಯುತ್ತದೆ. ಆದುದರಿಂದಲೇ ಇದು ಪ್ರತಿ ವರ್ಷದ ಕೆಲಸ.

ಲಸಿಕೆ ಹಾಕಿಸುವ ಕ್ರಮ

1) ಮರಿಗೆ 3 ತಿಂಗಳು ತುಂಬಿದಾಗ ಮೊದಲ ಲಸಿಕೆ, ಸುಮಾರು ಒಂದು ತಿಂಗಳ ನಂತರ ಎರಡನೆಯದು, ಆಮೇಲೆ ವರ್ಷಕ್ಕೊಮ್ಮೆ ಹಾಕಿಸಬೇಕು.

2) ಲಸಿಕೆಯನ್ನು 2ರಿಂದ 8 ಡಿಗ್ರಿ ಸೆಲ್ಸಿಯಸ್ ತಂಪಿನಲ್ಲಿಡಬೇಕು. ಅಂಗಡಿಯಿಂದ ಕೊಂಡು ಜೇಬಿನಲ್ಲಿಟ್ಟು ಬಿಸಿಲಲ್ಲಿ ಒಯ್ದ ಲಸಿಕೆಯನ್ನು ನೆಚ್ಚುವಂತಿಲ್ಲ. ನಾಯಿಯನ್ನೇ ಪಶು ಆಸ್ಪತ್ರೆಗೆ ಕರೆದೊಯ್ಯುವುದು ಲೇಸು.

3) ಲಸಿಕೆಯ ಚೀಟಿಯನ್ನು ಪಹಣಿ, ಸಾಲದ ಪುಸ್ತಕಗಳ ಜೊತೆಗೆ ಜೋಪಾನವಾಗಿಡಿ. ನಾಯಿ ಯಾರನ್ನಾದರೂ ಕಚ್ಚಿದರೆ ವೈದ್ಯರು ಮೊದಲು ಕೇಳುವುದು ಇದನ್ನೇ.

4) ಕಾಲುಬಾಯಿ ಜ್ವರದ ಲಸಿಕೆಗೆ ಸಿಬ್ಬಂದಿ ಊರಿಗೆ ಬರುವ ಸಮಯದಲ್ಲಿಯೇ ನಾಯಿಗಳಿಗೂ ಒಂದು ಶಿಬಿರ ನಡೆಸುವಂತೆ ಗ್ರಾಮ ಪಂಚಾಯಿತಿಯ ಮೂಲಕ ಪಶುವೈದ್ಯಾಧಿಕಾರಿಗಳನ್ನು ಮುಂಚಿತವಾಗಿ ಕೇಳಿಕೊಳ್ಳಬಹುದು. ಸೆಪ್ಟೆಂಬರ್ 28 ವಿಶ್ವ ರೇಬೀಸ್ ದಿನ. ಶಿಬಿರಕ್ಕೆ ಅದೂ ಒಳ್ಳೆಯ ಸಂದರ್ಭ.

ದನಕರುಗಳಿಗೆ ಕಚ್ಚಿದಾಗ

ಹುಚ್ಚುನಾಯಿ ಕಚ್ಚಿದ ಹಸು, ಎಮ್ಮೆಗಳಿಗೂ ಈ ರೋಗ ಬರುತ್ತದೆ. ಮೇವು ಬಿಡುವುದು, ಜೊಲ್ಲು ಸುರಿಸುವುದು, ಒಡಕು ದನಿಯಲ್ಲಿ ಎಡೆಬಿಡದೆ ಕೂಗುವುದು, ಹಿಂಗಾಲುಗಳ ಬಲ ಕುಂದುವುದು ಇದರ ಲಕ್ಷಣಗಳು. ಗಂಟಲಲ್ಲಿ ಏನೋ ಸಿಕ್ಕಿದೆಯೆಂದು ಬಗೆದು ಬರಿಗೈಯನ್ನು ಬಾಯಿಗೆ ಹಾಕುವುದು ಹಳ್ಳಿಗಳಲ್ಲಿ ವಾಡಿಕೆ. ಇದು ಬಹಳ ಅಪಾಯಕರ, ಎಂದಿಗೂ ಮಾಡಬಾರದು. ಕಚ್ಚಿದ ಸುದ್ದಿ ತಿಳಿದ ಕೂಡಲೇ ಗಾಯವನ್ನು ಸಾಬೂನು ನೀರಿನಿಂದ ಚೆನ್ನಾಗಿ ತೊಳೆದು (ಕೈಗೆ ರಬ್ಬರ್ ಕೈಚೀಲವಿರಲಿ) ಪಶುವೈದ್ಯರಿಂದ ಲಸಿಕೆ ಕೊಡಿಸಿ. ಅಂಥ ಹಸುವಿನ ಹಸಿ ಹಾಲನ್ನು ಕುಡಿಯಕೂಡದು.

ಮನುಷ್ಯರಿಗೆ ಕಚ್ಚಿದಾಗ

ಗಾಯವನ್ನು ಸುರಿಯುವ ನೀರಿನಲ್ಲಿ ಸಾಬೂನು ಹಚ್ಚಿ 15 ನಿಮಿಷ ತೊಳೆಯಬೇಕು. ಪಂಪ್‌ಸೆಟ್ಟಿನ ನೀರಾದರೂ ಸರಿ, ತಡಮಾಡಬಾರದು. ಸುಣ್ಣ, ಅರಿಶಿನ, ಮೆಣಸಿನಪುಡಿ, ಕಾಫಿಪುಡಿ ಹಚ್ಚಕೂಡದು. ಅನಂತರ ಅದೇ ದಿನ ಆಸ್ಪತ್ರೆಗೆ ಹೋಗಬೇಕು. ಸರ್ಕಾರಿ ಆಸ್ಪತ್ರೆಗಳಲ್ಲಿ ಚರ್ಮದೊಳಗೆ ಕೊಡುವ ಲಸಿಕೆಯನ್ನು ಮೊದಲ ದಿನ, ಅಲ್ಲಿಂದ 3, 7 ಮತ್ತು 28ನೆಯ ದಿನ ಕೊಡುತ್ತಾರೆ. ಗಾಯ ಆಳವಾಗಿದ್ದರೆ ಅದರ ಸುತ್ತ ರೋಗನಿರೋಧಕ ಸೀರಮ್ಮನ್ನೂ ಕೊಡಬೇಕಾಗುತ್ತದೆ. ಹೊಕ್ಕುಳ ಸುತ್ತ 14 ಚುಚ್ಚುಮದ್ದು ಹಾಕುತ್ತಾರೆಂದು ಹೆದರಿ ಇಂದಿಗೂ ಆಸ್ಪತ್ರೆಗೆ ಹೋಗದೆ ಮಂತ್ರ, ನಾಟಿಮದ್ದುಗಳ ಮೊರೆಹೋಗುವವರಿದ್ದಾರೆ. ಆ ಹಳೆಯ ಲಸಿಕೆ ನಮ್ಮ ದೇಶದಲ್ಲಿ 2005ರ ಹೊತ್ತಿಗೇ ನಿಂತುಹೋಗಿದೆ. ಈಗಿನದನ್ನು ತೋಳಿಗೆ ಕೊಡುತ್ತಾರೆ.

ಕಚ್ಚಿದ ನಾಯಿಯನ್ನು ಕೊಲ್ಲದೆ, ಸಾಧ್ಯವಾದರೆ ಕಟ್ಟಿಹಾಕಿ 10 ದಿನ ಗಮನಿಸಬೇಕು. ಆದರೆ ಆ 10 ದಿನ ಮುಗಿಯಲೆಂದು ಮನುಷ್ಯರ ಲಸಿಕೆಯನ್ನು ಮುಂದೂಡಬಾರದು. ಮಕ್ಕಳು ಬೈಗುಳಕ್ಕೆ ಹೆದರಿ ನಾಯಿ ಪರಚಿದ್ದನ್ನು ಮುಚ್ಚಿಡುವುದುಂಟು. ಗದರಿಸದೆ ವಿಚಾರಿಸಿ ತಿಳಿದುಕೊಳ್ಳಿ.

2030ರೊಳಗೆ ನಾಯಿಯಿಂದ ಹರಡುವ ಹುಚ್ಚುರೋಗವನ್ನು ದೇಶದಿಂದ ತೊಲಗಿಸಬೇಕೆಂಬ ರಾಷ್ಟ್ರೀಯ ಯೋಜನೆ 2021ರಲ್ಲಿ ಆರಂಭವಾಯಿತು. ಅದು ಕೈಗೂಡುವುದು ಊರೂರಿನ ರೈತರಿಂದಲೇ. ನಿಮ್ಮ ನಾಯಿಗೆ ಕಳೆದ ಬಾರಿ ಲಸಿಕೆ ಹಾಕಿಸಿದ್ದು ಯಾವಾಗ? ದಿನಾಂಕ ನೆನಪಿಗೆ ಬಾರದಿದ್ದರೆ ಈ ವಾರವೇ ಸಮೀಪದ ಪಶು ಆಸ್ಪತ್ರೆಗೆ ಕರೆದೊಯ್ಯಿರಿ. ಹೋಗುವಾಗ ನೆರೆಯವರ ನಾಯಿಯನ್ನೂ ಜೊತೆಗೆ ಕರೆತರಲು ಹೇಳಿ.