ಬೇಲಿ ಹೊಲ ಮೇಯದಂತೆ ಕಾಯುವವರು ಯಾರು?

"ನನ್ನ ಮೈಯೇ ನನ್ನ ಕೀಲುಗಳನ್ನು ಕೆಡಿಸುತ್ತದೆ ಅಂದರೆ ಏನು ಡಾಕ್ಟ್ರೇ?" ರುಮಟಾಯ್ಡ್ ಸಂಧಿವಾತ ಇರುವ ಅನೇಕರು ಕೇಳುವ ಪ್ರಶ್ನೆ ಇದು.

ದುರ್ಗದ ಏಳು ಸುತ್ತಿನ ಕೋಟೆಯನ್ನು ನೆನಪಿಸಿಕೊಳ್ಳಿ. ಗೋಡೆ ಗಟ್ಟಿ ಇದ್ದರಷ್ಟೇ ಸಾಲದು. ನಮ್ಮವರು ಯಾರು, ಹೊರಗಿನವರು ಯಾರು ಎಂಬುದು ಕಾವಲುಗಾರನಿಗೆ ಗೊತ್ತಿರಬೇಕು. ನಮ್ಮ ದೇಹಕ್ಕೆ ಬಿಳಿ ರಕ್ತಕಣಗಳೇ ಕಾವಲು. ಅವುಗಳಲ್ಲಿ ಟಿ ಕೋಶಗಳೆಂಬುವು ಎದೆಮೂಳೆಯ ಹಿಂದಿನ ಥೈಮಸ್ ಗ್ರಂಥಿಯಲ್ಲಿ ಬೆಳೆಯುತ್ತವೆ. ಸ್ವಂತ ದೇಹದ ಮೇಲೆಯೇ ಎರಗುವಂಥ ಬಹುಪಾಲು ಕೋಶಗಳು ಅಲ್ಲಿಯೇ ನಾಶವಾಗುತ್ತವೆ. ಆದರೂ ಕೆಲವು ತಪ್ಪಿಸಿಕೊಂಡು ಹೊರಬರುತ್ತವೆ.

ಇವನ್ನು ಅಂಕೆಯಲ್ಲಿಡುವುದು 'ನಿಯಂತ್ರಕ ಟಿ ಕೋಶ'ಗಳ ಕೆಲಸ. ಜಪಾನಿನ ಶಿಮೊನ್ ಸಕಾಗುಚಿ 1995ರಲ್ಲಿ ಇವನ್ನು ಗುರುತಿಸಿದರು. ಫಾಕ್ಸ್‌ಪಿ3 ಎಂಬ ಜೀನ್ ಕೆಟ್ಟರೆ ದೇಹವು ತನ್ನ ಮೇಲೆ ತಾನೇ ದಾಳಿ ಮಾಡುತ್ತದೆಂದು ಅಮೆರಿಕದ ಮೇರಿ ಬ್ರಂಕೋ ಮತ್ತು ಫ್ರೆಡ್ ರಾಮ್ಸ್‌ಡೆಲ್ 2001ರಲ್ಲಿ ತೋರಿಸಿದರು. ಮೂವರಿಗೂ 2025ರ ವೈದ್ಯಕೀಯ ನೊಬೆಲ್ ಪ್ರಶಸ್ತಿ ದೊರೆಯಿತು.

ಅಂಕೆಯಲ್ಲಿಡುವುದು ಹೇಗೆ?

ರಾಸಾಯನಿಕ ಸಂದೇಶಗಳಿಂದ. ಇಂಟರ್‌ಲ್ಯೂಕಿನ್-10, ಟಿಜಿಎಫ್-ಬೀಟಾ ಎಂಬ ವಸ್ತುಗಳು ದಾಳಿ ಮಾಡುವ ಕೋಶಗಳಿಗೆ "ಸುಮ್ಮನಿರು" ಎಂದು ಹೇಳಿದಂತೆ ಕೆಲಸ ಮಾಡುತ್ತವೆ. ಆ ಕೋಶಗಳು ಹೆಚ್ಚಲು ಬೇಕಾದ ಇಂಟರ್‌ಲ್ಯೂಕಿನ್-2 ಎಂಬ ವಸ್ತುವನ್ನೂ ನಿಯಂತ್ರಕ ಕೋಶಗಳು ತಾವೇ ಹೀರಿಕೊಳ್ಳುತ್ತವೆ.

ಈ ಹಿಡಿತ ತಪ್ಪಿದರೆ ಬೇಲಿಯೇ ಎದ್ದು ಹೊಲ ಮೇಯ್ದಂತೆ. ಕೀಲಿನಲ್ಲಾದರೆ ಸಂಧಿವಾತ, ಮೇದೋಜೀರಕ ಗ್ರಂಥಿಯಲ್ಲಾದರೆ ಒಂದನೇ ಬಗೆಯ ಸಕ್ಕರೆ ಕಾಯಿಲೆ, ಚರ್ಮದಲ್ಲಾದರೆ ತೊನ್ನು. ಇವು ಯಾವುವೂ ಅಂಟುರೋಗಗಳಲ್ಲ, ಯಾರ ಶಾಪವೂ ಅಲ್ಲ. ರೋಗಿಯ ಜೊತೆ ಕೂತು ಉಣ್ಣಲು ಅಂಜಬೇಡಿ.

ರೋಗಿಗಳೂ ಮನೆಯವರೂ ಗಮನಿಸಿ

* ಸಂಧಿವಾತಕ್ಕೆ ಕೊಡುವ ಮೆಥೊಟ್ರೆಕ್ಸೇಟ್ ಮಾತ್ರೆ ವಾರಕ್ಕೆ ಒಂದೇ ದಿನ. ದಿನವೂ ನುಂಗಿದರೆ ಪ್ರಾಣಕ್ಕೇ ಅಪಾಯ. ಆ ವಾರವನ್ನು ಚೀಟಿಯ ಮೇಲೆ ಬರೆಸಿಕೊಳ್ಳಿ. ಓದು ಬಾರದ ಹಿರಿಯರಿಗೆ ಮನೆಯವರೇ ಮಾತ್ರೆ ಕೊಡಿ.
* ನೋವು ಇಳಿಯಿತೆಂದು ಸ್ಟೀರಾಯ್ಡ್ ಮಾತ್ರೆಯನ್ನು ಒಮ್ಮೆಲೇ ನಿಲ್ಲಿಸಬೇಡಿ. ಹಳೆ ಚೀಟಿ ತೋರಿಸಿ ಅಂಗಡಿಯಲ್ಲಿ ಕೊಳ್ಳಲೂ ಬೇಡಿ.
* ಒಂದನೇ ಬಗೆಯ ಸಕ್ಕರೆ ಕಾಯಿಲೆಯ ಮಕ್ಕಳಿಗೆ ಇನ್ಸುಲಿನ್ ಒಂದು ದಿನವೂ ತಪ್ಪಬಾರದು.
* ಈ ಔಷಧಿಗಳಲ್ಲಿ ಕೆಲವು ಕಾವಲನ್ನೇ ತಗ್ಗಿಸುತ್ತವೆ. ಜ್ವರ, ಬಾಯಿಹುಣ್ಣು, ಉಬ್ಬಸ ಕಂಡರೆ ಮುಂದಿನ ತಾರೀಖಿಗೆ ಕಾಯದೆ ಬನ್ನಿ.
* ಮಗು ಬೇಕೆನ್ನುವವರು ಮೊದಲೇ ವೈದ್ಯರಿಗೆ ತಿಳಿಸಿ.

ಹಿರಿಯೂರು, ಹೊಸದುರ್ಗ, ಹೊಳಲ್ಕೆರೆ ಕಡೆಯಿಂದ ಬಸ್ಸು ಹತ್ತುವಾಗ ಚೀಟಿಯನ್ನೂ ಉಳಿದ ಮಾತ್ರೆಗಳನ್ನೂ ಮರೆಯದೆ ಜೊತೆಗೆ ತನ್ನಿ. ಕಾಯಿಲೆ ಪೂರ್ತಿ ಹೋಗದಿದ್ದರೂ ಬೇಗ ಚಿಕಿತ್ಸೆ ಶುರುವಾದರೆ ಕೀಲು ಸೊಟ್ಟಗಾಗದಂತೆ ಉಳಿಸಿಕೊಳ್ಳಬಹುದು.