ಹೊಟ್ಟೆ ತುಂಬ ಉಂಡೇ ತೂಕ ಇಳಿಸು

ಮಗಳೇ, ನೀನು ರಾತ್ರಿ ಊಟ ಬಿಟ್ಟಿದ್ದೀಯಂತೆ. ಬೆಳಿಗ್ಗೆ ಬಿಸಿನೀರಿಗೆ ಜೇನುತುಪ್ಪ, ಮಧ್ಯಾಹ್ನ ಒಂದು ಡಬ್ಬಿ ಸೌತೆಕಾಯಿ ಹೋಳು, ಸಂಜೆ ಟೀ ಜೊತೆ ಎರಡು ಬಿಸ್ಕತ್ತು, ಇಷ್ಟರಲ್ಲೇ ದಿನ ದೂಡುತ್ತಿದ್ದಾಳೆ ಅಂತ ನಿಮ್ಮಮ್ಮ ಫೋನಿನಲ್ಲಿ ಹೇಳಿ ಬೇಜಾರು ಮಾಡಿಕೊಂಡಳು. ತೂಕ ಇಳಿಸಬೇಕು ಅನ್ನುವ ನಿನ್ನ ಆಸೆ ಸರಿಯಾದದ್ದೇ. ಬೆಳಿಗ್ಗೆಯಿಂದ ಸಂಜೆವರೆಗೆ ಕುರ್ಚಿಯಲ್ಲಿ ಕೂತು ಮಾಡುವ ಕೆಲಸ ನಿನ್ನದು. ನಮ್ಮ ಮನೆತನದಲ್ಲಿ ಸಕ್ಕರೆ ಕಾಯಿಲೆ ಬೇರೆ ಇದೆ. ಈ ವಯಸ್ಸಿನಲ್ಲೇ ಎಚ್ಚರವಾಗಿರುವುದು ಒಳ್ಳೆಯದು. ಆದರೆ ನೀನು ಹಿಡಿದ ದಾರಿ ನನಗೆ ಒಪ್ಪಿಗೆಯಿಲ್ಲ. ಹೋಮ್ ಸೈನ್ಸ್ ಪಾಠ ಹೇಳಿದವಳು ನಾನು. ಅದಕ್ಕಿಂತ ಹೆಚ್ಚಾಗಿ ನಿನ್ನ ದೊಡ್ಡಮ್ಮ. ಅದಕ್ಕೇ ಸುತ್ತುಬಳಸದೆ ಹೇಳುತ್ತೇನೆ, ಹಸಿದುಕೊಂಡು ಇಳಿಸಿದ ತೂಕ ಉಳಿಯುವುದಿಲ್ಲ.

ಹಸಿವನ್ನು ಎಷ್ಟು ದಿನ ತಡೆದೀಯ? ಎರಡು ವಾರ, ಹೆಚ್ಚೆಂದರೆ ಮೂರು ವಾರ. ಆಮೇಲೆ ಒಂದು ದಿನ ಆಫೀಸಿನಲ್ಲಿ ಯಾರದೋ ಹುಟ್ಟುಹಬ್ಬ ಬರುತ್ತದೆ, ಕೇಕು, ಪಪ್ಸು ಕಣ್ಣೆದುರು ಇರುತ್ತವೆ, ಅವತ್ತಿಗೆ ನಿನ್ನ ವ್ರತ ಮುಗಿಯಿತು. ಅದು ನಿನ್ನ ಮನಸ್ಸಿನ ದೌರ್ಬಲ್ಯವಲ್ಲ. ಊಟ ಸಿಗದ ದೇಹ ಊಟ ಕೇಳುತ್ತದೆ, ಅಷ್ಟೇ. ಇನ್ನೊಂದು ವಿಷಯವಿದೆ. ತೀರ ಕಡಿಮೆ ತಿಂದಾಗ ಕರಗುವುದು ಬರೀ ಕೊಬ್ಬಲ್ಲ, ಮಾಂಸಖಂಡವೂ ಕರಗುತ್ತದೆ. ಎರಡು ಮೂರು ತಿಂಗಳಾದ ಮೇಲೆ ಕೂದಲು ಉದುರಲು ಶುರುವಾಗುತ್ತದೆ. ತಿಂಗಳ ಮುಟ್ಟು ಏರುಪೇರಾಗುತ್ತದೆ. ಬೇಗಬೇಗ ತೂಕ ಇಳಿಸಿದವರಿಗೆ ಪಿತ್ತಕೋಶದಲ್ಲಿ ಕಲ್ಲು ಆಗುವುದೂ ಉಂಟು. ವಾರಕ್ಕೆ ಅರ್ಧ ಕಿಲೋ ಇಳಿದರೆ ಸಾಕು, ಅದೇ ಒಳ್ಳೆಯ ಇಳಿತ.

ಹಾಗಾದರೆ ಹೊಟ್ಟೆ ತುಂಬಿಸುವುದು ಯಾವುದು? ನೀರಿನಂಶ, ನಾರು, ಪ್ರೋಟೀನ್, ಈ ಮೂರು. ಸುಮ್ಮನೆ ಬೇಗ ಒಳಗಿಳಿದು, ತುಂಬಿದ ಹಾಗೂ ಆಗದೆ ಕ್ಯಾಲೊರಿ ಮಾತ್ರ ಸೇರಿಸುವುದು ಎಣ್ಣೆ, ಸಕ್ಕರೆ ಮತ್ತು ಮೈದಾ. 1995ರಲ್ಲಿ ಆಸ್ಟ್ರೇಲಿಯಾದ ಸಿಡ್ನಿ ವಿಶ್ವವಿದ್ಯಾಲಯದಲ್ಲಿ ಸೂಸಾನಾ ಹೋಲ್ಟ್ ಮತ್ತು ಜೊತೆಗಾರರು 38 ಬಗೆಯ ತಿನಿಸುಗಳನ್ನು ಪರೀಕ್ಷೆ ಮಾಡಿದರು. ಪ್ರತಿಯೊಂದೂ 240 ಕ್ಯಾಲೊರಿ ಬರುವಷ್ಟು ತಿನ್ನಿಸಿ, ಎರಡು ಗಂಟೆ ಹೊಟ್ಟೆ ಎಷ್ಟು ತುಂಬಿದ ಹಾಗಿದೆ ಅಂತ ಕೇಳುತ್ತಾ ಹೋದರು. ಬಿಳಿ ಬ್ರೆಡ್ಡಿಗೆ 100 ಅಂಕ ಅಂತ ಇಟ್ಟುಕೊಂಡಾಗ ಬೆಣ್ಣೆ ತುಂಬಿದ ಕ್ರೊಸಾಂಟಿಗೆ ಸಿಕ್ಕಿದ್ದು 47. ಎಲ್ಲಕ್ಕಿಂತ ಮೇಲೆ, 323 ಅಂಕ ಪಡೆದು ನಿಂತದ್ದು ಯಾವುದು ಹೇಳು? ಬೇಯಿಸಿದ ಆಲೂಗಡ್ಡೆ! ಡಯಟ್ ಅಂದ ಕೂಡಲೇ ನೀವೆಲ್ಲ ಮೊದಲು ಮನೆಯಿಂದ ಆಚೆ ಹಾಕುವ ತರಕಾರಿ. ನೂರು ಗ್ರಾಂ ಬೇಯಿಸಿದ ಆಲೂಗಡ್ಡೆಯಲ್ಲಿ ತೊಂಬತ್ತಕ್ಕಿಂತ ಕಡಿಮೆ ಕ್ಯಾಲೊರಿ. ಅದೇ ಆಲೂಗಡ್ಡೆ ಚಿಪ್ಸ್ ಆದಾಗ ನೂರು ಗ್ರಾಮಿಗೆ ಐನೂರು ದಾಟುತ್ತದೆ. ನೀರು ಹೋಗಿ ಆ ಜಾಗಕ್ಕೆ ಎಣ್ಣೆ ಬಂದು ಕೂತಿರುತ್ತದೆ. ಬೇಯಿಸಿದ ಆಲೂಗಡ್ಡೆಗೆ ಉಪ್ಪು, ಮೆಣಸಿನ ಪುಡಿ, ನಿಂಬೆರಸ, ಕೊತ್ತಂಬರಿ ಸೊಪ್ಪು ಹಾಕಿ ತಿಂದು ನೋಡು. ರುಚಿಗೂ ಮೋಸವಿಲ್ಲ, ಹೊಟ್ಟೆಗೂ ಮೋಸವಿಲ್ಲ.

ನೀರಿನಂಶ ಅಂದೆನಲ್ಲ, ಅದರಲ್ಲೂ ಒಂದು ಸೂಕ್ಷ್ಮವಿದೆ. ಅಮೆರಿಕದ ಪೆನ್ಸಿಲ್ವೇನಿಯಾ ಸ್ಟೇಟ್ ವಿಶ್ವವಿದ್ಯಾಲಯದಲ್ಲಿ ಬಾರ್ಬರಾ ರೋಲ್ಸ್ ತಂಡ 1999ರಲ್ಲಿ ಒಂದು ಪ್ರಯೋಗ ಪ್ರಕಟಿಸಿತು. ಕೋಳಿ, ಅನ್ನ, ತರಕಾರಿ ಹಾಕಿ ಮಾಡಿದ ಒಂದೇ ಅಡುಗೆಯನ್ನು ಕೆಲವು ಹೆಂಗಸರಿಗೆ ಒಂದು ದಿನ ಗಟ್ಟಿಯಾಗಿ ಕೊಟ್ಟು ಪಕ್ಕದಲ್ಲಿ ಒಂದು ಲೋಟ ನೀರಿಟ್ಟರು. ಇನ್ನೊಂದು ದಿನ ಅದೇ ನೀರನ್ನು ಅಡುಗೆಯೊಳಗೇ ಸೇರಿಸಿ ಸೂಪು ಮಾಡಿ ಕೊಟ್ಟರು. ಸೂಪು ಕುಡಿದ ದಿನ ಅವರು ಅದರ ನಂತರದ ಊಟವನ್ನು ಕಡಿಮೆ ಮಾಡಿದರು. ಪಕ್ಕದಲ್ಲಿಟ್ಟ ನೀರು ಕುಡಿದಾಗ ಹಾಗಾಗಲಿಲ್ಲ. ಇದನ್ನು ಓದಿದಾಗ ನನಗೆ ನೆನಪಾದದ್ದು ನಮ್ಮ ಕಡೆಯ ಬಸ್ಸಾರು. ಅಂಗಡಿಯ ಸೂಪಿನ ಪೊಟ್ಟಣ ನಿನಗೆ ಯಾಕೆ ಬೇಕು? ಬಸ್ಸಾರು ಕಲಿತುಕೋ.

ಹೇಗೆ ಅಂತ ಬಿಡಿಸಿ ಹೇಳುತ್ತೇನೆ. ಒಬ್ಬರಿಗೆ ಒಂದು ಹಿಡಿ ಹೆಸರುಕಾಳು, ಇಲ್ಲವೇ ಅಲಸಂದೆ, ಹುರುಳಿ ಯಾವುದಾದರೂ ಸರಿ. ಕಾಳು ಮುಕ್ಕಾಲು ಬೆಂದ ಮೇಲೆ ಹೆಚ್ಚಿದ ದಂಟಿನ ಸೊಪ್ಪು, ಸಬ್ಬಸಿಗೆ ಸೊಪ್ಪು ಸೇರಿಸು. ಸೊಪ್ಪು ಕಾಳಿನ ಮೂರರಷ್ಟಿರಲಿ, ಬೆಂದರೆ ಅಷ್ಟೂ ಕುಗ್ಗುತ್ತದೆ. ನೀರು ಧಾರಾಳವಾಗಿರಬೇಕು. ಕಾಳು ಬೆಂದಿರಬೇಕು, ಒಡೆದಿರಬಾರದು. ಆಮೇಲೆ ಕಟ್ಟನ್ನು, ಅಂದರೆ ಬೇಯಿಸಿದ ನೀರನ್ನು, ಬೇರೆ ಪಾತ್ರೆಗೆ ಬಸಿ. ಸುಟ್ಟ ಈರುಳ್ಳಿ, ಬೆಳ್ಳುಳ್ಳಿ, ಒಣಮೆಣಸಿನಕಾಯಿ, ಜೀರಿಗೆ, ನಾಲ್ಕು ಕಾಳು ಮೆಣಸು, ಚೂರು ಹುಣಸೆಹಣ್ಣು, ಎರಡು ಚಮಚ ಕಾಯಿತುರಿ, ಜೊತೆಗೆ ಬೆಂದ ಕಾಳುಸೊಪ್ಪಿನಲ್ಲೇ ಒಂದು ಸೌಟು ಹಾಕಿ ನುಣ್ಣಗೆ ರುಬ್ಬು. ಅದನ್ನು ಕಟ್ಟಿಗೆ ಕಲಸಿ ಕುದಿಸಿದರೆ ಸಾರು. ಉಳಿದ ಕಾಳುಸೊಪ್ಪಿಗೆ ಸಾಸಿವೆ, ಬೆಳ್ಳುಳ್ಳಿ ಒಗ್ಗರಣೆ ಕೊಟ್ಟರೆ ಪಲ್ಯ. ಒಂದೇ ಪಾತ್ರೆಯಲ್ಲಿ ಎರಡು ಅಡುಗೆ. ಅನ್ನಕ್ಕೆ ಕೈ ಹಾಕುವ ಮೊದಲು ಒಂದು ಬಟ್ಟಲು ಬಿಸಿ ಸಾರು ಕುಡಿ, ಪಲ್ಯವನ್ನು ತಟ್ಟೆಯ ಅರ್ಧಕ್ಕೆ ಬಡಿಸಿಕೋ. ಅಷ್ಟರಲ್ಲೇ ಹಸಿವಿನ ಉರಿ ಇಳಿದಿರುತ್ತದೆ.

ರಾಗಿಮುದ್ದೆಯ ವಿಷಯದಲ್ಲಿ ನಿನಗೊಂದು ತಪ್ಪು ತಿಳಿವಳಿಕೆ ಇದ್ದೀತು. ರಾಗಿ ತಿಂದರೆ ಸಣ್ಣ ಆಗುತ್ತಾರೆ ಅಂತ ಎಲ್ಲರೂ ಹೇಳುತ್ತಾರೆ. ನೂರು ಗ್ರಾಂ ರಾಗಿಹಿಟ್ಟಿನಲ್ಲಿ 320ರ ಆಸುಪಾಸು ಕ್ಯಾಲೊರಿ, ಅಕ್ಕಿಯಲ್ಲಿ 350ರ ಆಸುಪಾಸು. ದೊಡ್ಡ ವ್ಯತ್ಯಾಸವೇನಿಲ್ಲ. ಆದರೆ ರಾಗಿಯಲ್ಲಿ ನಾರು ಬಹಳ ಹೆಚ್ಚು, ಸುಣ್ಣದಂಶವಂತೂ ನೂರು ಗ್ರಾಮಿಗೆ 340 ಮಿಲಿಗ್ರಾಂ ದಾಟುತ್ತದೆ. ಇನ್ನೊಂದು ಅನುಕೂಲ ಪುಸ್ತಕದಲ್ಲಿ ಸಿಗುವುದಿಲ್ಲ. ಮುದ್ದೆ ಅಂದರೆ ಒಂದು. ಅನ್ನ ಹಾಗಲ್ಲ. ಸಾರಿಗೆ ಒಂದು ಸಲ, ಹುಳಿಗೆ ಒಂದು ಸಲ, ಮೊಸರಿಗೆ ಒಂದು ಸಲ, ಪ್ರತಿ ಸಲವೂ ಎರಡು ತುತ್ತು ಹೆಚ್ಚು. ನಮ್ಮ ಊಟ ಮೈಗೆ ಹತ್ತುವುದು ಈ ಮೂರನೆಯ ಸಲ ಬಡಿಸಿಕೊಳ್ಳುವುದರಲ್ಲಿ. ಅನ್ನವನ್ನು ಒಂದೇ ಸಲ ಬಡಿಸಿಕೋ, ಸಾರನ್ನೋ ಹುಳಿಯನ್ನೋ ಆರಿಸಿಕೋ, ಕೊನೆಗೆ ಮೊಸರನ್ನದ ಬದಲು ಶುಂಠಿ, ಕರಿಬೇವು, ಇಂಗು ಹಾಕಿದ ಒಂದು ಲೋಟ ನೀರುಮಜ್ಜಿಗೆ ಕುಡಿ.

ಧಾರವಾಡದಲ್ಲಿದ್ದ ವರ್ಷಗಳಲ್ಲಿ ಅಲ್ಲಿಯ ಊಟಕ್ಕೆ ನಾನು ಮಾರುಹೋದೆ. ಜೋಳದ ರೊಟ್ಟಿ ನೀರು ಹಚ್ಚಿ ತಟ್ಟಿ ಬೇಯಿಸುವಂಥದ್ದು, ಎಣ್ಣೆಯ ಹನಿ ಬೇಡ. ಅದನ್ನು ಅಗಿಯಲಿಕ್ಕೇ ಹೊತ್ತು ಹಿಡಿಯುತ್ತದೆ. ತುಂಬಿತು ಅನ್ನುವ ಸುದ್ದಿ ಹೊಟ್ಟೆಯಿಂದ ತಲೆಗೆ ಮುಟ್ಟಲು ಸುಮಾರು ಇಪ್ಪತ್ತು ನಿಮಿಷ ಬೇಕು, ಗಬಗಬ ತಿಂದವರಿಗೆ ಆ ಸುದ್ದಿ ಬರುವ ಹೊತ್ತಿಗೆ ತಟ್ಟೆ ಎರಡು ಸಲ ಖಾಲಿಯಾಗಿರುತ್ತದೆ. ರೊಟ್ಟಿ ಜೊತೆ ಮಡಿಕೆಕಾಳು ಪಲ್ಯ, ಪುಂಡಿ ಪಲ್ಯ, ಹಸಿ ಮೆಂತ್ಯ ಸೊಪ್ಪು, ಉಳ್ಳಾಗಡ್ಡಿ, ಮೂಲಂಗಿ, ಸ್ವಲ್ಪ ಗಟ್ಟಿ ಮೊಸರು. ಇದಕ್ಕಿಂತ ಒಳ್ಳೆಯ ಡಯಟ್ ಊಟವನ್ನು ನಾನು ಕಂಡಿಲ್ಲ. ಎಣ್ಣೆಗಾಯಿ ಮತ್ತು ಶೇಂಗಾ ಚಟ್ನಿಯಲ್ಲಿ ಮಾತ್ರ ಕೈ ಹಿಡಿತದಲ್ಲಿರಲಿ. ನೀನಿರುವ ಕಡೆ ಕಟಕ್ ರೊಟ್ಟಿ ಕಟ್ಟು ಕಟ್ಟಾಗಿ ಸಿಗುತ್ತದೆ, ತಿಂಗಳಿಟ್ಟರೂ ಕೆಡುವುದಿಲ್ಲ.

ಮಲೆನಾಡಿನವರ ತಂಬುಳಿಯನ್ನೂ ಮರೆಯಬೇಡ. ಹತ್ತು ದೊಡ್ಡಪತ್ರೆ ಎಲೆಯನ್ನು ಅರ್ಧ ಚಮಚ ತುಪ್ಪದಲ್ಲಿ ಜೀರಿಗೆ, ಮೆಣಸಿನ ಜೊತೆ ಬಾಡಿಸಿ, ಚೂರು ಕಾಯಿ ಹಾಕಿ ರುಬ್ಬಿ ಮಜ್ಜಿಗೆಗೆ ಕಲಸಿದರೆ ಮುಗಿಯಿತು. ಕರಾವಳಿಯ ಕುಚಲಕ್ಕಿ ಗಂಜಿ ಕೂಡ ಒಳ್ಳೆಯದೇ, ಆದರೆ ಬರೀ ಉಪ್ಪಿನಕಾಯಿ ನೆಂಚಿಕೊಂಡು ಕುಡಿದರೆ ಬೇಗ ಹಸಿವಾಗುತ್ತದೆ. ಹೆಸರುಕಾಳು ಪಲ್ಯವೋ, ನೀನು ಮೀನು ತಿನ್ನುವವಳಾದ್ದರಿಂದ ಬಂಗುಡೆ ಪುಳಿಮುಂಚಿಯೋ ಜೊತೆಗಿರಲಿ. ಬಂಗುಡೆ ಫ್ರೈ ಮಾತ್ರ ಅಪರೂಪಕ್ಕೆ.

ಈಗ ಪ್ರೋಟೀನ್ ಲೆಕ್ಕ. ನೀನು ಎಡವುತ್ತಿರುವುದು ಇಲ್ಲೇ, ಅದಕ್ಕೇ ಒತ್ತಿ ಹೇಳುತ್ತಿದ್ದೇನೆ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ (ಐಸಿಎಂಆರ್) 2020ರಲ್ಲಿ ಹೇಳಿದ ಪ್ರಕಾರ ದೊಡ್ಡವರಿಗೆ ದೇಹದ ತೂಕದ ಪ್ರತಿ ಕಿಲೋಗೆ ದಿನಕ್ಕೆ 0.83 ಗ್ರಾಂ ಪ್ರೋಟೀನ್ ಬೇಕು. ಅರವತ್ತು ಕಿಲೋ ಇರುವವರಿಗೆ ಸುಮಾರು ಐವತ್ತು ಗ್ರಾಂ ಆಯಿತು. ತಿಳಿಸಾರಿನಲ್ಲಿ ಅದು ಇಲ್ಲವೇ ಇಲ್ಲ ಅನ್ನಬಹುದು. ಮೂವತ್ತು ಗ್ರಾಂ ಕಾಳಿನಲ್ಲಿ ಏಳು ಗ್ರಾಂ, ಒಂದು ಮೊಟ್ಟೆಯಲ್ಲಿ ಆರು, ಒಂದು ಲೋಟ ಹಾಲಿನಲ್ಲಿ ಆರೇಳು. ಮೂವತ್ತು ಗ್ರಾಂ ಸೋಯಾ ಚಂಕ್ಸ್ ನೆನೆಸಿ ಹಿಂಡಿ ಈರುಳ್ಳಿ ಟೊಮೆಟೊ ಜೊತೆ ಪಲ್ಯ ಮಾಡಿದರೆ ಹದಿನೈದು ಗ್ರಾಂ. ಸೌತೆಕಾಯಿ ಹೋಳಿನ ಡಬ್ಬಿಯಲ್ಲಿ ಇದ್ಯಾವುದೂ ಇಲ್ಲ. ಆ ಡಬ್ಬಿಗೆ ನೆನೆಸಿದ ಹೆಸರುಬೇಳೆ, ಕ್ಯಾರೆಟ್ ತುರಿ, ನಿಂಬೆರಸ, ಸಾಸಿವೆ ಒಗ್ಗರಣೆ ಹಾಕು, ಕೋಸಂಬರಿ ಆಯಿತು. ಉಪ್ಪನ್ನು ತಿನ್ನುವಾಗ ಹಾಕಿಕೋ, ಮೊದಲೇ ಹಾಕಿದರೆ ನೀರು ಬಿಡುತ್ತದೆ. ಬೆಳಗಿನ ಹೊತ್ತಿಗೆ ಹೆಸರುಬೇಳೆ ದೋಸೆ ಮಾಡು, ಅಕ್ಕಿ ಹುದುಗಿಸುವ ತಾಪತ್ರಯವಿಲ್ಲ. ನೆನೆಸಿದ ಬೇಳೆಯನ್ನು ಶುಂಠಿ, ಹಸಿಮೆಣಸಿನಕಾಯಿ, ಜೀರಿಗೆ ಜೊತೆ ರುಬ್ಬಿ ಹುಯ್ದರಾಯಿತು. ಉಪ್ಪಿಟ್ಟು ಬೇಕೆನಿಸಿದರೆ ರವೆ ಎಷ್ಟೋ ಅದಕ್ಕಿಂತ ಹೆಚ್ಚು ಬೀನ್ಸ್, ಕ್ಯಾರೆಟ್, ಬಟಾಣಿ ಹಾಕು.

ಎಣ್ಣೆಯನ್ನು ಬಾಟಲಿಯಿಂದ ಬಾಣಲೆಗೆ ನೇರವಾಗಿ ಸುರಿಯಬೇಡ. ಗ್ರಾಮಿಗೆ ಒಂಬತ್ತು ಕ್ಯಾಲೊರಿ ಅದರದ್ದು, ಒಂದು ದೊಡ್ಡ ಚಮಚ ಹೆಚ್ಚಾದರೆ ನೂರಿಪ್ಪತ್ತು ಸೇರಿತು, ನಾಲಿಗೆಗೆ ಗೊತ್ತೇ ಆಗುವುದಿಲ್ಲ. ದಿನಕ್ಕೆ ನಿನಗೆ ನಾಲ್ಕು ಟೀ ಚಮಚ ಸಾಕು. ಆದರೆ ಒಗ್ಗರಣೆಯನ್ನೇ ಬಿಡಬೇಡ. ಇಂಗು, ಕರಿಬೇವು, ಬ್ಯಾಡಗಿ ಮೆಣಸಿನಕಾಯಿ ಇಲ್ಲದ ಬೇಯಿಸಿದ ತರಕಾರಿಯನ್ನು ಯಾರೂ ಬಹಳ ದಿನ ತಿನ್ನಲಾರರು. ಟೀಗೂ ಇದೇ ಮಾತು. ದಿನಕ್ಕೆ ನಾಲ್ಕು ಟೀ, ಪ್ರತಿಯೊಂದಕ್ಕೂ ಎರಡು ಚಮಚ ಸಕ್ಕರೆ ಅಂದರೆ ನಲವತ್ತು ಗ್ರಾಂ, ನೂರ ಅರವತ್ತು ಕ್ಯಾಲೊರಿ. ಹೊಟ್ಟೆಗೆ ಅದರಿಂದ ಏನೂ ಆಗಲಿಲ್ಲ. ಆ ಬೆಳಗಿನ ಜೇನುತುಪ್ಪದ ನೀರು ಕೊಬ್ಬು ಕರಗಿಸುತ್ತದೆ ಅನ್ನುವುದೂ ಸುಳ್ಳೇ. ಜೇನೂ ಸಕ್ಕರೆಯೇ.

ಸಂಜೆ ಐದೂವರೆಯ ಹಸಿವು ಬಹಳ ಕೆಟ್ಟದ್ದು, ಅದಕ್ಕೆ ಮೊದಲೇ ತಯಾರಿರಬೇಕು. ಬೇಯಿಸಿದ ಕಡಲೆಕಾಳು ಉಸಲಿ ಡಬ್ಬಿಯಲ್ಲಿರಲಿ. ಉಪ್ಪು ಖಾರ ಹಚ್ಚಿದ ಒಂದು ಸೀಬೆಹಣ್ಣು ಆಗಬಹುದು. ಹಣ್ಣನ್ನು ಕಚ್ಚಿಯೇ ತಿನ್ನು, ಜ್ಯೂಸ್ ಮಾಡಿಸಬೇಡ. ಚುರುಮುರಿಯೂ ಒಳ್ಳೆಯದೇ: ಮಂಡಕ್ಕಿ ಒಂದು ಪಾಲು, ಈರುಳ್ಳಿ, ಟೊಮೆಟೊ, ಸೌತೆ, ಕ್ಯಾರೆಟ್ ಎರಡು ಪಾಲು, ಹುರಿದ ಶೇಂಗಾ ಒಂದು ಚಮಚ, ಎಣ್ಣೆ ಅರ್ಧ ಚಮಚ. ಹಬ್ಬದ ದಿನ ಒಬ್ಬಟ್ಟನ್ನು ತುಪ್ಪ ಹಾಕಿಕೊಂಡೇ ತಿನ್ನು, ಒಂದು ತಿನ್ನು, ಕೂತು ನಿಧಾನವಾಗಿ ತಿನ್ನು. ಮಾರನೆಯ ದಿನ ಉಪವಾಸ ಬೀಳಬೇಡ.

ರಾತ್ರಿ ಹನ್ನೆರಡು, ಒಂದರವರೆಗೆ ಫೋನು ನೋಡುತ್ತಾ ಕೂರುವುದನ್ನೂ ಬಿಡು. ನಿದ್ದೆ ಕೆಟ್ಟವರಿಗೆ ಮಾರನೆಯ ದಿನ ಹಸಿವು ಹೆಚ್ಚು, ಸಿಹಿಯ ಮೇಲೆ ಆಸೆಯೂ ಹೆಚ್ಚು. ತಕ್ಕಡಿಯ ಮೇಲೆ ದಿನಾ ಹತ್ತಬೇಡ, ನೀರಿನಂಶದಲ್ಲೇ ಒಂದು ಕಿಲೋ ಆಚೀಚೆ ಆಗುತ್ತದೆ. ವಾರಕ್ಕೊಮ್ಮೆ ಬೆಳಿಗ್ಗೆ ನೋಡಿದರೆ ಸಾಕು. ಇದನ್ನೆಲ್ಲ ನಿನ್ನ ಗೆಳತಿಯರಿಗೂ ಹೇಳು, ಆದರೆ ಅವರಲ್ಲಿ ಸಕ್ಕರೆ ಕಾಯಿಲೆಗೆ ಮಾತ್ರೆ, ಇನ್ಸುಲಿನ್ ತೆಗೆದುಕೊಳ್ಳುವವರು, ಮೂತ್ರಪಿಂಡದ ತೊಂದರೆ ಇರುವವರು, ಬಸುರಿ ಬಾಣಂತಿಯರು ಇದ್ದರೆ ವೈದ್ಯರನ್ನು ಕೇಳದೆ ಊಟ ಬದಲಿಸಬಾರದು. ನೀನೂ ಒಮ್ಮೆ ಥೈರಾಯ್ಡ್, ಹಿಮೋಗ್ಲೋಬಿನ್ ಪರೀಕ್ಷೆ ಮಾಡಿಸಿಕೋ.

ಪಕ್ಕದ ಮನೆಯವರು ಶನಿವಾರ ಬೆಂಗಳೂರಿಗೆ ಬರುತ್ತಿದ್ದಾರೆ, ಅವರ ಕೈಯಲ್ಲಿ ಎರಡು ಕಿಲೋ ಹುರುಳಿಕಾಳು, ಒಂದು ಕಿಲೋ ಹೆಸರುಕಾಳು, ರಾಗಿಹಿಟ್ಟು ಕಳಿಸುತ್ತೇನೆ. ಹುರುಳಿಯಲ್ಲಿ ಕಲ್ಲಿರುತ್ತದೆ, ಆರಿಸಿಕೊಂಡು ತೊಳೆ. ರಾತ್ರಿ ನೆನೆಹಾಕಿ ಬೆಳಿಗ್ಗೆ ಬಟ್ಟೆಯಲ್ಲಿ ಕಟ್ಟಿಟ್ಟರೆ ಮರುದಿನಕ್ಕೆ ಮೊಳಕೆ ಬಂದಿರುತ್ತದೆ. ಬೇಯಿಸಿ ಡಬ್ಬಿಗೆ ಹಾಕಿ ಫ್ರಿಜ್ಜಿನಲ್ಲಿಟ್ಟುಕೊಂಡರೆ ಮೂರು ದಿನಕ್ಕೆ ಯೋಚನೆಯಿಲ್ಲ. ಬೇಯಿಸಿದ ನೀರನ್ನು ಮಾತ್ರ ಚೆಲ್ಲಬೇಡ, ಸಾರು ಮಾಡು. ಮೊದಲ ಸಲ ಮಾಡುವ ದಿನ ಫೋನು ಮಾಡು, ಮಸಾಲೆ ಹದ ನಾನು ಹೇಳುತ್ತೇನೆ.